ವೇಸ್ಟ್ ಅಂದರೆ ಯಾವ ವೇಸ್ಟ್?

ಕಾರವಾರ, ಶಿರಸಿಯ ಗ್ಯಾರೇಜುಗಳಲ್ಲಿ, ಬೈತಖೋಲ ಬಂದರಿನ ಬೋಟುಗಳಲ್ಲಿ ಎಣ್ಣೆ ಕೈ ಒರೆಸುವ ಬಟ್ಟೆಗೆ 'ವೇಸ್ಟ್' ಅನ್ನುತ್ತಾರೆ. ಮಾತಿಗೆ ಅಷ್ಟು ಸಾಕು. ಆದರೆ ಅಂಗಡಿಯ ಬೋರ್ಡು, ಬಿಲ್ಲು, ಪರವಾನಗಿಯ ಅರ್ಜಿ ಎಲ್ಲದರಲ್ಲೂ ಇದೊಂದೇ ಪದ ಬಂದರೆ ಯಾವುದಕ್ಕೆ ಯಾವ ನಿಯಮ ಅನ್ನುವುದೇ ಕಲಸಿಹೋಗುತ್ತದೆ.

ಕಾಟನ್ ವೇಸ್ಟ್ ಅಂದರೆ ನೂಲಿನ ಗಿರಣಿಯಲ್ಲಿ ಉಳಿದ ನೂಲಿನ ಸಿಕ್ಕು. ಬನಿಯನ್ ವೇಸ್ಟ್ ಅಂದರೆ ತಿರುಪ್ಪೂರಿನಂಥ ಊರುಗಳ ಹೊಲಿಗೆ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡು. ಇವೆರಡೂ ಯಾರ ಮೈಮೇಲೂ ಇದ್ದ ಬಟ್ಟೆಯಲ್ಲ. ಮೂರನೆಯದು ಹಳೇ ಬಟ್ಟೆ. ಯಾರೋ ಉಟ್ಟು, ಹೊದ್ದು ಬಿಟ್ಟ ಲುಂಗಿ, ಸೀರೆ, ಹಾಸಿಗೆಯ ಹೊದಿಕೆ ಗುಜರಿಗೆ ಬಂದು, ತುಂಡಾಗಿ, ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆರೋಗ್ಯದ ನಿಯಮಗಳು ಹುಟ್ಟಿದ್ದು ಈ ಮೂರನೆಯದರಿಂದ.

ಕಾರಣ ಗಟ್ಟಿಯಾಗಿಯೇ ಇದೆ. ಕಾಗದ ಮಾಡಲೆಂದು ಚಿಂದಿ ಆರಿಸುತ್ತಿದ್ದ ಯುರೋಪಿನ ಕೆಲಸಗಾರರಿಗೆ ಆಂಥ್ರಾಕ್ಸ್ ಎಂಬ ಮಾರಕ ರೋಗ ತಗಲುತ್ತಿತ್ತು. ಅದಕ್ಕೆ 'ಚಿಂದಿ ರೋಗ' ಎಂಬ ಹೆಸರೇ ಬಿತ್ತು. ಬ್ರಿಟನ್ ಹಾಸಿಗೆಗೆ ತುಂಬುವ ಚಿಂದಿಯ ಶುಚಿತ್ವಕ್ಕೆಂದೇ 1911ರಲ್ಲಿ ಕಾಯಿದೆ ಮಾಡಿತು. ಕ್ಯಾಲಿಫೋರ್ನಿಯಾದ ಹಳೆಯ ನಿಯಮ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಒರೆಸುವ ಬಟ್ಟೆ ಅಂದರೆ ಯಂತ್ರ ಒರೆಸುವ ಬಟ್ಟೆ ಅಂತ ಮಾತ್ರ ಹೇಳಿ ಅದು ನಿಲ್ಲುವುದಿಲ್ಲ. ಕೆಲಸಗಾರ ತನ್ನ ಕೈ, ಮೈ ಒರೆಸಿಕೊಳ್ಳುವ ಬಟ್ಟೆಯನ್ನೂ ಸೇರಿಸುತ್ತದೆ. ಉಟ್ಟ ಬಟ್ಟೆಯನ್ನು ಒರೆಸುವ ಬಟ್ಟೆಯಾಗಿ ಮಾರುವ ಮೊದಲು ಶೇ. 5ರಷ್ಟು ಕಾಸ್ಟಿಕ್ ಸೋಡಾ ಇರುವ ನೀರಿನಲ್ಲಿ 40 ನಿಮಿಷ ಬಿಡದೆ ಕುದಿಸಬೇಕು ಅನ್ನುತ್ತದೆ. ಕಾರವಾರದ ಪಕ್ಕದ ನಮ್ಮ ಬಿಣಗಾದಲ್ಲಿ ತಯಾರಾಗುವುದೂ ಇದೇ ಕಾಸ್ಟಿಕ್ ಸೋಡಾ.

ಇಲ್ಲಿ 'ತೊಳೆದ ಮಾಲು' ಅನ್ನುವ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ತಣ್ಣೀರಿನಲ್ಲಿ ಸುಮ್ನೆ ಅದ್ದಿ ತೆಗೆದದ್ದಕ್ಕೂ ತೊಳೆದದ್ದು ಅಂತಾರೆ, ಕುದಿಸಿದ್ದಕ್ಕೂ ಹಾಗೇ ಅಂತಾರೆ. ಕೊಳೆ ಹೋಗುವುದು ಬೇರೆ, ರೋಗಾಣು ಸಾಯುವುದು ಬೇರೆ ಅಲ್ವಾ? ಮಿಸ್ತ್ರಿಯ ಕೈಯಲ್ಲಿ ಗಾಯ, ಗೀರು ಇದ್ದೇ ಇರುತ್ತದೆ. ಅದೇ ಬಟ್ಟೆಯಲ್ಲಿ ಮುಖದ ಬೆವರನ್ನೂ ಒರೆಸಿಕೊಳ್ಳುತ್ತಾನೆ. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಆಗಲೇ. ತೊಳೆದ ಬಟ್ಟೆ ಒಣಗದೇ ಮುಗ್ಗು ಹಿಡಿಯುವುದೂ ಆಗಲೇ.

ಹಾಗಾಗಿ ಹಳೇ ಬಟ್ಟೆ ತೊಳೆದು ಮಾರುವುದು ಬರೀ ಗುಜರಿ ವ್ಯಾಪಾರವಲ್ಲ. ಉದ್ದಿಮೆ ಪರವಾನಗಿ ಕೊಡುವಾಗ ನಗರಸಭೆಯ ಆರೋಗ್ಯ ನಿರೀಕ್ಷಕರು ಕೇಳಬೇಕಾದ್ದು ಸರಳ: ಮಾಲು ಎಲ್ಲಿಂದ ಬಂತು, ಕುದಿಸುವ ಹಂಡೆ ಇದೆಯಾ, ಕೊಳೆ ಬಟ್ಟೆ ಮತ್ತು ಶುದ್ಧ ಬಟ್ಟೆಗೆ ಬೇರೆ ಬೇರೆ ಜಾಗ ಇದೆಯಾ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ.

ನಿಜವಾದ ವೇಸ್ಟ್ ಆಗುವುದು ಬಳಸಿದ ಮೇಲೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಂದನೇ ಪಟ್ಟಿಯಲ್ಲಿ ರಾಸಾಯನಿಕ ಅಂಟಿದ ಹತ್ತಿ ಬಟ್ಟೆಯ ಹೆಸರೇ ಇದೆ. ಕಾರ್ಖಾನೆಯವರು ಅದನ್ನು ಊರಿನ ಕಸದ ಗಾಡಿಗೆ ಹಾಕುವ ಹಾಗಿಲ್ಲ. ಅಗಸೆ ಎಣ್ಣೆ ಅಥವಾ ಮೀನೆಣ್ಣೆ ಹೀರಿದ ಬಟ್ಟೆಯನ್ನಂತೂ ಮೂಲೆಯಲ್ಲಿ ರಾಶಿ ಹಾಕಲೇಬಾರದು. ಗಾಳಿ ತಾಗಿ ಒಳಗೊಳಗೇ ಬಿಸಿಯಾಗಿ, ಕಿಡಿ ಇಲ್ಲದೆಯೂ ಅದು ಹೊತ್ತಿಕೊಳ್ಳುತ್ತದೆ. ಅಂಥದ್ದನ್ನು ಬಿಗಿ ಮುಚ್ಚಳದ ಕಬ್ಬಿಣದ ಡಬ್ಬದಲ್ಲೇ ಇಡಬೇಕು.