ಬೆಳಿ ಹೋದ ವರ್ಷ ಸರ್ಕಾರನೂ ಕೈ ಬಿಗಿ ಹಿಡೀಬಾರದೇನ್ರಿ?

ಓದುಗರ ಪ್ರಶ್ನೆ: "ಬೆಳಿ ಹೋದ ವರ್ಷ ನಾವು ಮದುವಿ ಮುಂದ ಹಾಕ್ತೀವಿ, ಪಂಚಮಿಗಿ ಹೊಸ ಬಟ್ಟಿ ತಗೊಳ್ಳಂಗಿಲ್ಲ. ಸರ್ಕಾರಕ್ಕ ಮಾತ್ರ ಈ ಮಾತು ಯಾಕ ಹತ್ತಂಗಿಲ್ಲ? ಇಂಥಾ ಕಷ್ಟದ ಕಾಲದಾಗ ಗ್ಯಾರಂಟಿ ರೊಕ್ಕ ಹಂಚ್ಕೋತ ಕುಂತ್ರ ಜನ ದುಡಿಯೋದು ಬಿಡಂಗಿಲ್ಲೇನು? ಈಗೇ ಹೊಲಕ್ಕ ಆಳು ಸಿಗವಲ್ರು." (ಆಳಂದ ತಾಲ್ಲೂಕಿನ ರೈತರೊಬ್ಬರು)

ಉತ್ತರ: ಇದೇ ಪ್ರಶ್ನೆಯನ್ನು ಕಲಬುರಗಿ ಗಂಜಿನ (ಕಾಳಿನ ಮಾರುಕಟ್ಟೆಯ) ಅಡತಿ ಅಂಗಡಿಗಳ ಕಟ್ಟೆ ಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಂದೇ ಚೀಲದಲ್ಲಿ ಎರಡು ಕಾಳು ಬೆರೆತಿವೆ. ಒಂದು ಖಜಾನೆಯ ಮಾತು, ಇನ್ನೊಂದು ಮನುಷ್ಯನ ಸ್ವಭಾವದ ಮಾತು. ಮೊದಲು ಖಜಾನೆ ನೋಡೋಣ.

ನೀವು ಪಂಚಮಿಗೆ ಬಟ್ಟೆ ತರಲಿಲ್ಲ ಅಂದರೆ ನಿಮ್ಮ ಮನೆಯ ರೊಕ್ಕ ಉಳಿಯಿತು, ಸರಿ. ಆದರೆ ಬೆಳೆ ಹೋದದ್ದು ನಿಮ್ಮದೊಬ್ಬರದೇ ಅಲ್ಲ, ಇಡೀ ಸೀಮೆಯದು. ಎಲ್ಲರೂ ಒಂದೇ ವರ್ಷ ಕೈ ಕಟ್ಟಿ ಕೂತರೆ ಬಟ್ಟೆ ಅಂಗಡಿಯವನು ಇಬ್ಬರು ಹುಡುಗರಲ್ಲಿ ಒಬ್ಬನನ್ನು ಬಿಡಿಸುತ್ತಾನೆ, ಆ ಹುಡುಗನ ಮನೆಯವರು ಕಿರಾಣಿ ಕಡಿಮೆ ಮಾಡುತ್ತಾರೆ, ಗಂಜಿನಲ್ಲಿ ಹಮಾಲರಿಗೆ ಎತ್ತಲು ಚೀಲವಿರುವುದಿಲ್ಲ. ಒಬ್ಬರ ಉಳಿತಾಯ ಇನ್ನೊಬ್ಬರ ಕೂಲಿ ಕಳೆಯುತ್ತದೆ. ಅಂಥ ವರ್ಷ ಖರ್ಚು ಮಾಡುವ ತಾಕತ್ತು ಉಳಿಯುವುದು ಸರ್ಕಾರಕ್ಕೆ ಮಾತ್ರ. ಖಜಾನೆ ಕೈ ಬಿಗಿ ಹಿಡಿಯಬೇಕಾದದ್ದು ಸುಗ್ಗಿ ಕಾಲದಲ್ಲಿ ಎಂದು ಅರ್ಥಶಾಸ್ತ್ರಜ್ಞ ಕೇನ್ಸ್ 1937ರಲ್ಲೇ ಬರೆದಿದ್ದರು.

ನಮ್ಮಲ್ಲೇ ನೋಡಿ. 2025ರ ಮುಂಗಾರಿನಲ್ಲಿ ಅತಿ ಮಳೆ ಮತ್ತು ಭೀಮೆಯ ನೆರೆ ಸೇರಿ ಕಲಬುರಗಿ, ಬೀದರ್, ಯಾದಗಿರಿಯ ತೊಗರಿ, ಹೆಸರು, ಉದ್ದು, ಹತ್ತಿಯನ್ನು ಹಾಳು ಮಾಡಿದವು. ವಿಪತ್ತು ಪರಿಹಾರದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಸಿಗುವುದು ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್ ತನಕ. ಎಕರೆಗೆ ಹಿಡಿದರೆ 3,400ರ ಆಸುಪಾಸು. ಬೀಜ, ಗೊಬ್ಬರ, ಎರಡು ಸಲ ಕೀಟನಾಶಕ ಎಣ್ಣಿ ಹೊಡೆದದ್ದು ಸೇರಿಸಿ ನೋಡಿ, ಯಾವ ಮೂಲೆಗೂ ಸಾಲದು. ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ 8,500 ಸೇರಿಸುವುದಾಗಿ ಘೋಷಿಸಿತು. "ಕಷ್ಟದ ಕಾಲ, ಕೈ ಬಿಗಿ ಹಿಡಿಯೋಣ" ಎಂಬ ನಿಮ್ಮ ಸೂತ್ರವನ್ನೇ ಪಾಲಿಸಿದ್ದರೆ ಮೊದಲು ಹೋಗುತ್ತಿದ್ದದ್ದು ಈ ಎರಡನೇ 8,500.

ಆದರೂ ನಿಮ್ಮ ಮಾತಿನಲ್ಲಿ ಅರ್ಧ ಖರೆ ಅದೆ. ರಾಜ್ಯ ಸರ್ಕಾರಕ್ಕೆ ನೋಟು ಅಚ್ಚು ಹಾಕುವ ಅಧಿಕಾರವಿಲ್ಲ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ ಮಾಡಿಕೊಂಡ ರಾಜ್ಯ ನಮ್ಮದು. ವಿತ್ತೀಯ ಕೊರತೆ, ಅಂದರೆ ವರ್ಷದ ಆದಾಯಕ್ಕೆ ಮೀರಿದ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಒಟ್ಟು ಸಾಲ ಶೇ 25ರೊಳಗೆ ಇರಬೇಕೆಂದು ನಾವೇ ಗೆರೆ ಎಳೆದುಕೊಂಡಿದ್ದೇವೆ. 2025-26ರ 4,09,549 ಕೋಟಿ ರೂಪಾಯಿಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಹೆಚ್ಚೂಕಮ್ಮಿ ಎಂಟರಲ್ಲೊಂದು ಪಾಲು. ಗೆರೆ ದಾಟುವಂತಿಲ್ಲ ಅಂದಮೇಲೆ ಇಲ್ಲಿ ಕೊಟ್ಟದ್ದು ಇನ್ನೆಲ್ಲೋ ಎಳೆಯುತ್ತದೆ. ಎಲ್ಲಿ ಎಳೆಯಿತು ಎಂಬುದಕ್ಕೆ ಒಂದು ಉದಾಹರಣೆ: ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿಗೆಂದೇ 2013ರಲ್ಲಿ ಕಾಯ್ದೆ ಮಾಡಿ ಕಾದಿಟ್ಟ ಉಪಯೋಜನೆಯ ಹಣದಲ್ಲಿ 2024-25ರಲ್ಲಿ 14 ಸಾವಿರ ಕೋಟಿಗೂ ಮೀರಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ದಲಿತರ ಮನೆಗೂ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಎಲ್ಲರಿಗೂ ಬರುವುದನ್ನು ಅವರ ಪಾಲಿನ ಹಣದಲ್ಲಿ ಕೊಟ್ಟರೆ ಅವರಿಗೆ ಹೆಚ್ಚಿಗೆ ಬಂದದ್ದೇನು? ಗ್ಯಾರಂಟಿ ಬೇಕೆನ್ನುವ ನನ್ನಂಥವರ ಹತ್ತಿರ ಇದಕ್ಕೆ ಉತ್ತರವಿಲ್ಲ.

ಈಗ ಆಲಸಿತನದ ಮಾತು. ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಅಕ್ಕ ಒಬ್ಬರಿದ್ದಾರೆ. ಗಂಡ ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋಗಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಅವರನ್ನೇ ಕೇಳಿದೆ: "ಅಕ್ಕಾ, ಗೃಹಲಕ್ಷ್ಮಿ ರೊಕ್ಕ ಬಂದ ಮ್ಯಾಲ ರೊಟ್ಟಿ ಕಡಿಮಿ ಮಾಡೀರೇನು?"

ಕೈಯೊಳಗಿನ ಹಿಟ್ಟು ಕೊಡವಿಕೊಳ್ಳದೆ ಅವರು ನಕ್ಕರು. "ಹೆಚ್ಚ ಮಾಡೀನ್ರಿ. ಮೊದಲ ಹಿಟ್ಟು ಅಂಗಡ್ಯಾಗ ಉದ್ರಿ ತರ್ತಿದ್ದೆ, ಅಂವ ಹೇಳಿದ್ದೇ ರೇಟು. ಈಗ ರೋಖ ಕೊಟ್ಟು ಜ್ವಾಳದ ಚೀಲನೇ ತರ್ತೀನಿ, ಗಿರಣ್ಯಾಗ ನಾನೇ ಬೀಸಸ್ತೀನಿ."

ಅಂಗಡಿಯ ಉದ್ರಿ ಪುಸ್ತಕವನ್ನೂ ತೋರಿಸಿದರು. ಮೂಲೆ ಮಡಚಿದ, ಎಣ್ಣೆ ಜಿಡ್ಡಿನ ಸಣ್ಣ ನೋಟ್‌ಬುಕ್. ಹಳೇ ಪುಟಗಳಲ್ಲಿ ವಾರಕ್ಕೆ ಎರಡು ಮೂರು ಸಲ "ಹಿಟ್ಟು" ಎಂದು ಬರೆದಿತ್ತು. ಇತ್ತೀಚಿನ ಪುಟಗಳಲ್ಲಿ ಸಕ್ಕರೆ, ಚಹಾಪುಡಿ, ಸಾಬೂನು ಇದ್ದವು, ಹಿಟ್ಟು ಇರಲಿಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಇದಕ್ಕೆ ದುಡಿಯುವ ಬಂಡವಾಳ ಅಂತಾರೆ. ಅಕ್ಕನಿಗೆ ಅದನ್ನು ಯಾವ ಬ್ಯಾಂಕೂ ಕೊಟ್ಟಿರಲಿಲ್ಲ, ವಾರದ ಕಂತಿನ ಸಂಘದವರು ಬಡ್ಡಿ ಹಾಕಿ ಕೊಟ್ಟಿದ್ದರು.

ಒಬ್ಬರ ಕಥೆಯಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ಒಪ್ಪಿದೆ. ಲೆಕ್ಕ ಹಾಕೋಣ. ತಿಂಗಳಿಗೆ 2,000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ, ಅದೂ ಇಡೀ ಮನೆಗೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯೇ 370 ಇತ್ತು. 66 ಸಿಗುತ್ತದೆಂದು 370 ಬಿಡುವವನು ಲೆಕ್ಕದಲ್ಲಿ ಬಹಳ ಕಚ್ಚಾ ಇರಬೇಕು. ಬಡವರು ಲೆಕ್ಕದಲ್ಲಿ ಕಚ್ಚಾ ಇದ್ದದ್ದು ನಾನಂತೂ ನೋಡಿಲ್ಲ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ಯೋಜನೆಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ರೊಕ್ಕ ಬಂದದ್ದಕ್ಕೆ ಜನ ದುಡಿಮೆ ಬಿಟ್ಟದ್ದು ಕಾಣಲಿಲ್ಲ ಎಂಬುದೇ ಅವರು ಕಂಡುಕೊಂಡದ್ದು.

ಹಾಗಾದರೆ ಆಳು ಯಾಕೆ ಸಿಗುವುದಿಲ್ಲ? ಗ್ಯಾರಂಟಿ ಬರುವ ಮೊದಲೂ ಈ ಗೋಳು ಇತ್ತು ಎಂಬುದು ನಿಮಗೂ ನೆನಪಿರಬಹುದು. ಆಳಂದ, ಚಿತ್ತಾಪುರ, ಗುರುಮಠಕಲ್‌ನ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವರು ಇಂದು ನಿನ್ನೆ ಶುರು ಮಾಡಿದವರಲ್ಲ. ಇಲ್ಲಿ ಉಳಿದವರಿಗೂ ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು ಹೆಚ್ಚೂಕಡಿಮೆ ಒಟ್ಟಿಗೇ ಬರುತ್ತವೆ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ: ಮನೆಯಲ್ಲಿ ಅಕ್ಕಿ, ಕೈಯಲ್ಲಿ ಒಂದಿಷ್ಟು ರೊಕ್ಕ ಇದ್ದ ಹೆಣ್ಣುಮಗಳು ಹಳೇ ಕೂಲಿಗೆ "ಒಲ್ಲೆ" ಅನ್ನಬಲ್ಲಳು. ಬಸ್ಸಿಗೆ ಶೂನ್ಯ ಟಿಕೆಟ್ ಇರುವುದರಿಂದ ಪಟ್ಟಣದ ಕೆಲಸಕ್ಕೂ ಹೋಗಬಲ್ಲಳು. ತೊಗರಿ ರೇಟು ಬಿದ್ದ ವರ್ಷ ನಿಮಗೆ ಇದು ನಿಜವಾದ ಪೆಟ್ಟು. ಕೂಲಿ ಏರಿದ್ದರ ನೋವನ್ನು ಕೂಲಿ ಏರಿತೆಂದೇ ಹೇಳೋಣ, ಅವಳನ್ನು ಆಲಸಿ ಅನ್ನುವುದು ಬೇಡ.

ದುಡಿದೇ ತಿನ್ನಬೇಕೆಂಬ ಸ್ವಂತ ಹೊಣೆಯ ಮಾತು ಯಾರ ಎದುರು ಏಳುತ್ತದೆ, ಯಾರ ಎದುರು ಏಳುವುದಿಲ್ಲ ಎಂಬುದೂ ನೋಡುವಂಥದ್ದು. 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಸಹಕಾರ ಸಂಘದ ಬೆಳೆಸಾಲ 5 ಲಕ್ಷದ ತನಕ ಬಡ್ಡಿಯಿಲ್ಲ. ನಮ್ಮ ಹೊಲದ ಬೋರಿಗೂ ಬಿಲ್ ಬಂದದ್ದಿಲ್ಲ, ಅದಕ್ಕೆ ನಮ್ಮಪ್ಪ ಆಲಸಿಯಾದರು ಎಂದು ಯಾರೂ ಅಂದಿಲ್ಲ. ದೊಡ್ಡವರ ಕಡೆ ಹೋದರೆ, 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಅದರಿಂದ ಖಜಾನೆಗೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಸರ್ಕಾರವೇ ಅಂದಾಜು ಹೇಳಿತ್ತು. ಅದಕ್ಕೆ "ಉತ್ತೇಜನ" ಎಂಬ ಹೆಸರು ಬಂತು.

"ಬಸವಣ್ಣೋರು ಕಾಯಕವೇ ಕೈಲಾಸ ಅಂದಾರಲ್ರಿ" ಎನ್ನುವವರೂ ಸಿಗುತ್ತಾರೆ, ಕಲ್ಯಾಣದ ಸೀಮೆಯವರು ನಾವು. ಅದೇ ಕಲ್ಯಾಣದಲ್ಲಿ ಅಕ್ಕಿ ಆಯ್ದು ಬದುಕಿದ ಆಯ್ದಕ್ಕಿ ಲಕ್ಕಮ್ಮ ಗಂಡನನ್ನು ಬೈದದ್ದು ಅವನು ಕಡಿಮೆ ದುಡಿದನೆಂದಲ್ಲ, ಅಂದಿನ ದಾಸೋಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದನೆಂದು.

ಕಡಿತ ಮಾಡಲೇಬೇಕೆಂದರೆ ಎಲ್ಲಿ ಮಾಡಬೇಕು? ನನ್ನ ಮನೆಯಿಂದ ಶುರುವಾಗಲಿ. ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕದ್ದು ಕಲಬುರಗಿಯಲ್ಲೇ. ಗೃಹಲಕ್ಷ್ಮಿಯಲ್ಲಾದರೂ ಆದಾಯ ತೆರಿಗೆ ಕಟ್ಟುವ ಮನೆಯವರನ್ನು ಹೊರಗಿಟ್ಟಿದ್ದಾರೆ, ಇದರಲ್ಲಿ ಆ ಜರಡಿಯೂ ಇಲ್ಲ. ಬಳಕೆಗೆ ಮಾತ್ರ ಮಿತಿ ಉಂಟು, ಅದು 200 ಯೂನಿಟ್ ದಾಟುವಂತಿಲ್ಲ. ತಿಂಗಳ ಸಂಬಳದ ನನಗೆ ಶೂನ್ಯ ಬಿಲ್ ಬರುವುದು ಯಾವ ನ್ಯಾಯ? ನನ್ನ ಮೀಟರನ್ನು ಆ ಪಟ್ಟಿಯಿಂದ ತೆಗೆಯಲಿ, ಮಳೆ ಬೆಳೆ ಚೆನ್ನಾದ ವರ್ಷ ತೆಗೆಯಲಿ.

ಆದರೆ ಕಡಿತ ಹೀಗೆ ಸಾರಿ ಹೇಳಿ ಬರುವುದು ಅಪರೂಪ. ಅದು ಸದ್ದಿಲ್ಲದೆ ಬರುತ್ತದೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ದಾಟದವರಿಗೆ ಕೇಂದ್ರದ ಪಾಲು 2007ರಲ್ಲೂ ತಿಂಗಳಿಗೆ 200 ರೂಪಾಯಿ, ಅದಾಗಿ ಹದಿನೆಂಟು ವರ್ಷಕ್ಕೂ 200 ರೂಪಾಯಿ. ಯಾವ ಬಜೆಟ್ ಭಾಷಣದಲ್ಲೂ ಇದನ್ನು ಕಡಿತ ಎಂದು ಓದಲಿಲ್ಲ, ಕಿರಾಣಿ ರೇಟೇ ಆ ಕೆಲಸ ಮಾಡಿತು. ನಮ್ಮ ಭಾಗದ ಶಾಲೆ, ಆಸ್ಪತ್ರೆಗಳಲ್ಲಿ ತುಂಬದೆ ಬಿಟ್ಟ ಹುದ್ದೆಗಳೂ ಕಡಿತವೇ. ಕಂತು ತಡವಾಗುವುದೂ ಕಡಿತವೇ. ಗೃಹಲಕ್ಷ್ಮಿ ಹಣ ತಿಂಗಳುಗಟ್ಟಲೆ ತಡವಾದದ್ದುಂಟು, ಖಜಾನೆಯ ಪುಸ್ತಕದಲ್ಲಿ ಅದು ಬರಿ ಬಾಕಿ.

ಮಾತು ಮುಗಿಸಿ ಏಳುವಾಗ ಅಕ್ಕ ಫೋನು ನನ್ನ ಕೈಗೆ ಕೊಟ್ಟರು. "ಈ ತಿಂಗಳದು ಬಂದದೇನ್ ನೋಡ್ರಿ, ನನಗ ಮೆಸೇಜ್ ಓದ್ಲಾಕ ಬರಂಗಿಲ್ಲ." ನೋಡಿದೆ. ರೀಚಾರ್ಜ್ ಮಾಡಿಸಿ ಎಂಬ ಮೆಸೇಜುಗಳಿದ್ದವು, ಬ್ಯಾಂಕಿನದು ಇರಲಿಲ್ಲ. ಅವರು ಜೋಳದ ಚೀಲದೊಳಗೆ ಕೈ ಹಾಕಿ ತಳ ಮುಟ್ಟಿ ನೋಡಿದರು.

"ಇರ್ಲಿ ಬಿಡ್ರಿ, ಈ ವಾರ ಹಿಟ್ಟು ಉದ್ರಿ ತರ್ತೀನಿ."