ದುರ್ಯೋಧನನ ಬಾಯಲ್ಲಿ ಭಾರತ: ಮರುಕಥನ ಬರೆಯುವವರಿಗೆ ಟಿಪ್ಪಣಿ

ಖಳನ ಬಾಯಿಂದ ಕಥೆ ಹೇಳಿಸುವಾಗ ಘಟನೆಗಳನ್ನು ತಿದ್ದಬಾರದು. ಅವುಗಳಿಗೆ ಅವನು ಕೊಡುವ ತೂಕ ಮಾತ್ರ ಬದಲಾಗಬೇಕು. ದುರ್ಯೋಧನ ದ್ರೌಪದಿಯನ್ನು ಸಭೆಗೆ ಎಳೆಸಲೇ ಇಲ್ಲ ಎಂದು ಬರೆದರೆ ಅದು ವಕಾಲತ್ತು, ಮರುಕಥನವಲ್ಲ. ಎಳೆಸಿದ, ಅದು ಸರಿ ಎಂದೂ ನಂಬಿದ. ಆ ನಂಬಿಕೆ ಹೇಗೆ ಹುಟ್ಟಿತು ಎಂಬುದನ್ನು ಬರೆಯಬೇಕು.

ಮೊದಲು ಕೈಯಿಡಬಾರದ ಘಟನೆಗಳನ್ನು ಪಟ್ಟಿ ಮಾಡಿಕೊಳ್ಳಿ: ಭೀಮನಿಗೆ ವಿಷ, ಅರಗಿನ ಮನೆ, ದ್ಯೂತ, ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದದ್ದು, ಊರುಭಂಗ (ಭೀಮ ಅವನ ತೊಡೆ ಮುರಿದದ್ದು). ಆಮೇಲೆ ಸೇರಿಕೊಂಡ ಜನಪ್ರಿಯ ಮಾತುಗಳನ್ನು ಬೇರೆ ಬರೆದಿಡಿ. ಮಯಸಭೆಯಲ್ಲಿ ದ್ರೌಪದಿ 'ಕುರುಡನ ಮಗ ಕುರುಡ' ಎಂದಳೆನ್ನುವುದು ಪುಣೆಯ ಭಂಡಾರ್ಕರ್ ಸಂಸ್ಥೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಪಠ್ಯದಲ್ಲಿ ಇಲ್ಲ. ಅವನ ಇಡೀ ಹಗೆಯನ್ನು ಆ ಒಂದು ಮಾತಿನ ಮೇಲೆ ನಿಲ್ಲಿಸಬೇಡಿ. ಅದಕ್ಕಿಂತ ಗಟ್ಟಿಯಾದ ಕಾರಣ ಆದಿಪರ್ವದಲ್ಲೇ ಇದೆ: ಕಣ್ಣಿಲ್ಲವೆಂದು ತಂದೆಗೆ ರಾಜ್ಯ ತಪ್ಪಿತು, ಈಗ ಪಾಂಡುವಿನ ಮಗನಿಗೆ ಸಿಕ್ಕರೆ ಮುಂದೆ ಅವನ ಮಗನಿಗೆ, ಮೊಮ್ಮಗನಿಗೆ, ನಮ್ಮ ಸಂತತಿ ಪರರ ಅನ್ನಕ್ಕೆ ಕಾಯಬೇಕು. ಈ ಭಯ ಯಾರಿಗೂ ಅರ್ಥವಾಗುತ್ತದೆ.

ಎರಡನೆಯದು, ಅವನಿಗೆ ಏನು ಗೊತ್ತು ಎಂಬ ಪ್ರಶ್ನೆ. ಕರ್ಣ ಕುಂತಿಯ ಮಗನೆಂಬುದು ವ್ಯಾಸಭಾರತದಲ್ಲಿ ಪಾಂಡವರಿಗೆ ತಿಳಿಯುವುದೇ ಯುದ್ಧ ಮುಗಿದ ಮೇಲೆ. ದುರ್ಯೋಧನ ಅಷ್ಟರಲ್ಲಿ ಸತ್ತಿರುತ್ತಾನೆ. ರನ್ನನ ಗದಾಯುದ್ಧದಲ್ಲಾದರೋ ಅವನು ಕರ್ಣನ ಹೆಣದ ಮುಂದೆ ನಿಂತು 'ನೀನು ಯಾರ ಮಗನೆಂದು ನಾನು ಬಲ್ಲೆ' ಎನ್ನುತ್ತಾನೆ. ಈ ಒಂದು ಬದಲಾವಣೆಯಿಂದ ಗೆಳೆತನದ ಬೆಲೆಯೇ ಏರಿಬಿಡುತ್ತದೆ: ಶತ್ರುಗಳ ಅಣ್ಣನೆಂದು ಗೊತ್ತಿದ್ದೂ ನಂಬಿದ್ದ! ಇಂಥ ಒಂದು ಆಯ್ಕೆ ಸಾಕು. ಪ್ರತಿ ಪುಟದಲ್ಲೂ ಅವನಿಗೆ ಹೊಸ ಗುಟ್ಟು ತಿಳಿಯುತ್ತಾ ಹೋದರೆ ಯಾರೂ ನಂಬುವುದಿಲ್ಲ.

ಇನ್ನು ದನಿ. ದ್ಯೂತಸಭೆಯನ್ನು ಅವನು ಹೀಗೆ ಹೇಳಬಹುದು:

"ಪಣ ಇಟ್ಟವನು ಧರ್ಮರಾಯ. ನಾನೇನು ಕೈಹಿಡಿದು ಇಡಿಸಲಿಲ್ಲ. ಅವಳೇನೋ ಕೇಳಿದಳು. ಭೀಷ್ಮರೇ ಉತ್ತರ ಹೇಳಲಾರದೆ ಹೋದರು. ಸಭೆಯಲ್ಲಿ ಒಬ್ಬನೂ ಅವಳ ಪರ ಮಾತಾಡಲಿಲ್ಲ."

ಮೊದಲ ನಾಲ್ಕು ವಾಕ್ಯಗಳಲ್ಲಿ ಸುಳ್ಳಿಲ್ಲ. ಕೊನೆಯದು ಸುಳ್ಳು: ಅವನ ಸ್ವಂತ ತಮ್ಮ ವಿಕರ್ಣ ಎದ್ದುನಿಂತು ಇದು ಅಧರ್ಮವೆಂದಿದ್ದ, ವಿದುರನೂ ಅವಳ ಪರ ನಿಂತಿದ್ದ. ದ್ರೌಪದಿಯ ಪ್ರಶ್ನೆಯನ್ನು, ಅಂದರೆ ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿ ಎಂಬುದನ್ನು, ಅವನು 'ಏನೋ' ಎಂದು ಹಾರಿಸಿದ್ದಾನೆ. ಖಳನ ನಿರೂಪಣೆಯ ಜೀವ ಇರುವುದೇ ಇಂಥ ಹಾರಿಕೆಯಲ್ಲಿ. ಅದನ್ನು ನೀವೇ ಬಿಡಿಸಿ ಹೇಳಬೇಡಿ, ಓದುಗರು ಹಿಡಿಯುತ್ತಾರೆ.

ಪಾಂಡವರನ್ನು ನೀಚರನ್ನಾಗಿಸುವ ಅಗತ್ಯವೂ ಇಲ್ಲ. ಶಿಖಂಡಿಯನ್ನು ಮುಂದಿಟ್ಟು ಭೀಷ್ಮರನ್ನು ಕೆಡವಿದ್ದು, ಅಶ್ವತ್ಥಾಮ ಸತ್ತನೆಂದು ದ್ರೋಣರನ್ನು ನಂಬಿಸಿದ್ದು, ಹೊಕ್ಕುಳ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದು ತೊಡೆಗೆ ಹೊಡೆದದ್ದು: ಮೂಲದಲ್ಲೇ ಅವನ ಆರೋಪಗಳಿಗೆ ಬೇಕಾದಷ್ಟು ಆಧಾರವಿದೆ.

ಬಹುತೇಕ ಬರಹಗಳು ಕೊನೆಗೆ ಬಂದಾಗ ಸೋಲುತ್ತವೆ. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಬಂದು, ನಿದ್ದೆಯಲ್ಲಿದ್ದವರನ್ನೂ ದ್ರೌಪದಿಯ ಮಕ್ಕಳನ್ನೂ ಕೊಂದೆನೆಂದಾಗ ದುರ್ಯೋಧನ ಸಂತೋಷಪಟ್ಟು ಪ್ರಾಣ ಬಿಡುತ್ತಾನೆ. ಇಲ್ಲಿ ಪಶ್ಚಾತ್ತಾಪ ತುರುಕುವ ಆಸೆ ಬರುತ್ತದೆ. ವ್ಯಾಸರ ದಾರಿ ಹಿಡಿದಿದ್ದರೆ ತುರುಕಬೇಡಿ. ಆ ಸಂತೋಷವನ್ನು ಅವನ ಬಾಯಿಂದಲೇ, ಕಾರಣ ಸಮೇತ ಹೇಳಿಸಿ.