ರಿಪೋರ್ಟಿನಲ್ಲಿ ಸಿಸ್ಟ್, ನನ್ನ ಕೈಯಲ್ಲಿ ಟೇಪು

ಮದ್ದೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಮಂಡ್ಯದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹುಡುಗ ಸೈಕಲ್ಲಿಂದ ಬಿದ್ದಿದ್ದ. ಸ್ಕ್ಯಾನಿನಲ್ಲಿ ಏಟಿನ ಗುರುತೇ ಇಲ್ಲ. ಆದರೆ ಎಡಗಿವಿಯ ಮೇಲಕ್ಕೆ, ತಲೆಬುರುಡೆಯ ಒಳಗೆ ‘ಅರಾಕ್ನಾಯ್ಡ್ ಸಿಸ್ಟ್’, ಅಂದರೆ ನೀರು ತುಂಬಿದ ಗುಳ್ಳೆ, ಇದೆ ಅಂತ ಬರೆದಿತ್ತು.

“ಮಿದುಳಿಗೆ ಹುಳ ಹೋಗೈತಂತೆ ಸಾ” ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹುಳದ ಮಾತು ಸುಮ್ನೆ ಹುಟ್ಟಿದ್ದಲ್ಲ. ಲಾಡಿಹುಳದ ಮೊಟ್ಟೆ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ಬರುವುದುಂಟು. ಇದು ಅದಲ್ಲ. ಮಿದುಳಿಗೆ ಮೂರು ಪದರದ ಹೊದಿಕೆ ಇದೆ. ನಡುವಿನದು ಜೇಡರಬಲೆಯಷ್ಟು ತೆಳು, ಅರಾಕ್ನಾಯ್ಡ್ ಎಂಬ ಹೆಸರೂ ಜೇಡದಿಂದಲೇ ಬಂದದ್ದು. ತಾಯಿ ಹೊಟ್ಟೆಯಲ್ಲಿ ಬೆಳೆಯುವಾಗ ಆ ಪೊರೆ ಎಲ್ಲೋ ಒಂದು ಕಡೆ ಸೀಳಿಕೊಂಡರೆ ನಡುವೆ ನೀರು ನಿಲ್ಲುತ್ತದೆ. ಮಿದುಳಿನ ಸುತ್ತ ಇರುವಂಥದೇ ತಿಳಿನೀರು. ಕ್ಯಾನ್ಸರ್ ಅಲ್ಲ. ರಿಚರ್ಡ್ ಬ್ರೈಟ್ ಎಂಬ ಇಂಗ್ಲಿಷ್ ವೈದ್ಯ 1831ರಲ್ಲೇ ಇದನ್ನು ಬರೆದಿಟ್ಟಿದ್ದ. ಬಹಳ ಅಪರೂಪ ಅಂದುಕೊಂಡಿದ್ದೆವು. ಆದರೆ ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ ಎರಡು-ಮೂರು ಮಂದಿಗೆ ಕಾಣುತ್ತದೆ. ಹುಡುಗರಿಗೆ ಜಾಸ್ತಿ.

ನಾನು ಫಿಲ್ಮ್ ಪಕ್ಕಕ್ಕಿಟ್ಟು ಟೇಪು ತೆಗೆದೆ, ದರ್ಜಿಗಳ ಟೇಪಿನಂಥದೇ. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿದೆ. ತಲೆಯ ಸುತ್ತಳತೆ ವಯಸ್ಸಿಗೆ ಸರಿಯಾಗಿತ್ತು. ಕಣ್ಣಿನ ಒಳಗೂ ನೋಡಿದೆ, ನರ ಊದಿರಲಿಲ್ಲ, ತಲೆಯೊಳಗೆ ಒತ್ತಡ ಏರಿದ ಗುರುತಿಲ್ಲ. ಕೂಸುಗಳಲ್ಲಿ ತಲೆ ಬೇಗಬೇಗ ದೊಡ್ಡದಾಗುವುದು, ನೆತ್ತಿ ಉಬ್ಬುವುದು, ದೊಡ್ಡ ಮಕ್ಕಳಲ್ಲಿ ಬೆಳಗಿನ ವಾಂತಿ, ದಿನೇದಿನೇ ಏರುವ ತಲೆನೋವು, ಫಿಟ್ಸ್ ಇದ್ದರೆ ಮಾತ್ರ ನನಗೆ ಆತುರ. ಮಿದುಳಿನ ನಡುಭಾಗದಲ್ಲಿ ದೊಡ್ಡ ಗುಳ್ಳೆಯಿದ್ದ ಕೆಲವು ಮಕ್ಕಳು ಸ್ಪ್ರಿಂಗ್ ಕತ್ತಿನ ಬೊಂಬೆಯ ಹಾಗೆ ತಲೆಯಾಡಿಸುತ್ತಾರೆ. ಮನೆಯವರು ತುಂಟಾಟ ಅಂದುಕೊಂಡಿರುತ್ತಾರೆ! ಅಂಥವರಿಗೆ ದುರ್ಬೀನು ತೂರಿಸಿ ಗುಳ್ಳೆಗೆ ಕಿಂಡಿ ಮಾಡುತ್ತಾರೆ, ಇಲ್ಲವೇ ಹೊಟ್ಟೆಗೆ ನೀರು ಹರಿಯುವಂತೆ ಸಣ್ಣ ಕೊಳವೆ ಹಾಕುತ್ತಾರೆ. ಇಂಥ ಯಾವ ತೊಂದರೆಯೂ ಇಲ್ಲದವರಿಗೆ ಕತ್ತರಿ ಬೇಡ. ತಲೆನೋವೆಲ್ಲ ಗುಳ್ಳೆಯದೇ ಅಂತ ಆಪರೇಷನ್‌ಗೆ ಹೊರಡುವುದು ನನಗೆ ಸರಿಕಾಣದು. ಎಷ್ಟೋ ಸಲ ಬೇಕಾಗಿರುವುದು ಕನ್ನಡಕ.

“ಔಷ್ದಿ?” ಅಂದರು ಅಜ್ಜಿ. ಇಲ್ಲ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ, ಇಷ್ಟು ದೂರ ಬಂದು ಒಂದು ಗುಳಿಗೆಯೂ ಇಲ್ಲ ಅಂದರೆ ಹೇಗೆ ಅಲ್ವಾ?

ಹುಡುಗನದು ಬೇರೆ ಚಿಂತೆ. “ಸೈಕಲ್ ಓಡಿಸ್ಬೋದಾ ಸಾ?” ಓಡಿಸು, ಹೆಲ್ಮೆಟ್ ಹಾಕ್ಕೋ ಅಂದೆ. ತಲೆಗೆ ಏಟಾದರೆ ಗುಳ್ಳೆಯ ಸುತ್ತ ರಕ್ತ ಸೋರುವ ಸಣ್ಣ ಅಪಾಯ ಇದೆ. ಕೆಲವೊಮ್ಮೆ ಅದು ವಾರಗಳ ಮೇಲೆ ಗೊತ್ತಾಗುತ್ತದೆ. ಬಿದ್ದ ಮೇಲೆ ವಾಂತಿ, ಮಂಪರು, ಬಿಡದ ತಲೆನೋವು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಎಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅಜ್ಜಿ ಅದನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿದರು.